ಕಬಿನಿಯ ತೀರದಲ್ಲಿ ಬೇಸಗೆಯ ಕೆಲಸ

ಬೇಸಗೆಯ ರಜೆಯು ಸಮೀಪಿಸುತ್ತಲೇ ಹೆಗ್ಗಡದೇವನಕೋಟೆ, ಹುಣಸೂರುಗಳ ಕಡೆಯ ತಾಯಂದಿರು ನಮ್ಮಲ್ಲಿಗೆ ಬಂದು, ಕಬಿನಿಯ ಹಿನ್ನೀರಿನ ದಡದಲ್ಲಿರುವ ವಸತಿಗೃಹಗಳಿಗೆ ಮಗಳನ್ನು ಎರಡು ತಿಂಗಳ ಮಟ್ಟಿಗೆ ಕೆಲಸಕ್ಕೆ ಕಳುಹಬಹುದೆ ಎಂದು ಕೇಳುವುದುಂಟು. ಯೌವನದಲ್ಲಿ ಎರಡು ಬೇಸಗೆಗಳನ್ನು ಆ ತೀರದಲ್ಲಿಯೇ ದುಡಿದು ಕಳೆದವರಾದ ಕಾರಣ, ಆ ಕೆಲಸದ ಸ್ವರೂಪವನ್ನು ನಾವು ಇಲ್ಲಿ ಸ್ವಲ್ಪ ವಿವರಿಸುತ್ತೇವೆ.

ಅಲ್ಲಿ ಬೇಸಗೆಯಲ್ಲಿಯೇ ಹೆಚ್ಚು ಕೈಗಳು ಬೇಕಾಗುವುದೇತಕ್ಕೆ? 1974ರಲ್ಲಿ ಬೀಚನಹಳ್ಳಿಯ ಬಳಿ ಅಣೆಕಟ್ಟು ಪೂರ್ಣಗೊಂಡಾಗ, 1971ರಲ್ಲಿ ಕಡೆಯ ಖೆಡ್ಡಾ ನಡೆದ ಕಾಕನಕೋಟೆಯ ಕಾಡೂ ಅನೇಕ ಹಳ್ಳಿಗಳೂ ನೀರಿನ ಪಾಲಾದುವು. ಮಳೆಗಾಲದಲ್ಲಿ ತುಂಬಿದ ಆ ನೀರು ಬೇಸಗೆಯಲ್ಲಿ ಹಿಂದೆ ಸರಿಯುತ್ತಲೇ, ತೇವದ ನೆಲದಲ್ಲಿ ಎಳೆಹುಲ್ಲು ಚಿಗುರುವುದು. ನಾಗರಹೊಳೆ, ಬಂಡೀಪುರಗಳ ಒಳಗಾಡಿನ ಕಟ್ಟೆಗಳು ಬತ್ತುವುದರಿಂದ ಆನೆಗಳು ಹಿಂಡುಹಿಂಡಾಗಿ ಇಲ್ಲಿಗೆ ಇಳಿದು ಬರುವುವು. ಅವುಗಳನ್ನು ನೋಡಲು ಅತಿಥಿಗಳು ಬರುವರು. ಅತಿಥಿಗಳು ಬಂದರೆ ಕೆಲಸವೂ ಬಂದಂತೆಯೇ. ಕಾರಾಪುರದಲ್ಲಿದ್ದ ಮಹಾರಾಜರ ಬೇಟೆಯ ಬಂಗಲೆಯು 1980ರ ದಶಕದಲ್ಲಿ ಸರ್ಕಾರದ ವಸತಿಗೃಹವಾಯಿತು. ಅನಂತರ ಖಾಸಗಿಯವರವೂ ಹಲವು ತಲೆಯೆತ್ತಿದುವು.

ಅತಿಥಿಗಳು ನಸುಕಿನಲ್ಲಿ ಕಾಡಿಗೆ ಹೊರಡುವುದಕ್ಕೆ ಮುಂಚೆಯೇ ಕಾಫಿ ಸಿದ್ಧವಿರತಕ್ಕದ್ದು. ಅವರು ಹಸಿದು ಹಿಂದಿರುಗುವುದರೊಳಗೆ ಕೊಠಡಿಗಳನ್ನು ಗುಡಿಸಿ, ಒರೆಸಿ, ಹಾಸುಬಟ್ಟೆಗಳನ್ನು ಬದಲಾಯಿಸಬೇಕು. ಸುಕ್ಕಿಲ್ಲದಂತೆ ಹಾಸುವುದನ್ನು ಕಲಿಯಲು ನಮಗೆ ಒಂದು ವಾರ ಹಿಡಿಯಿತು. ಮನೆಯಲ್ಲಿ ನಾವು ಮಲಗುತ್ತಿದ್ದುದು ಚಾಪೆಯ ಮೇಲೆ. ನಮ್ಮೊಡನೆ ಬಟ್ಟೆ ಒಗೆಯುತ್ತಿದ್ದ ವೃದ್ಧೆಯೊಬ್ಬರು, ನೀರು ತೀರ ಇಳಿದ ಒಂದು ದಿನ, ಕೆಸರಿನಲ್ಲಿ ಕಾಣಿಸಿಕೊಂಡ ಮರದ ಬೊಡ್ಡೆಗಳನ್ನು ತೋರಿಸಿ, “ಅಗೋ ಕಣವ್ವಾ, ನಮ್ ಹಟ್ಟಿ ಅಲ್ಲಿತ್ತು” ಎಂದರು. ಅತಿಥಿಗಳು ಅವೇ ಬೊಡ್ಡೆಗಳ ಚಿತ್ರ ತೆಗೆಯುತ್ತಿದ್ದರು.

ಎರಡನೆಯ ಬೇಸಗೆಯ ಕೊನೆಯಲ್ಲಿ, ಒಡೆದ ಬಟ್ಟಲುಗಳ ಲೆಕ್ಕವೆಂದು ನಮ್ಮ ಹತ್ತು ದಿನಗಳ ಕೂಲಿಯನ್ನು ಹಿಡಿದುಕೊಂಡರು. ಎಷ್ಟು ಒಡೆದೆವೆಂಬುದನ್ನು ನಾವು ಬರೆದಿಟ್ಟಿರಲಿಲ್ಲವಾಗಿ, ವಾದಿಸಲು ಬಾಯಿಯೇ ಬರಲಿಲ್ಲ. ಉಳಿದ ಹಣದಿಂದ ಶಿಕ್ಷಕಿಯರ ತರಬೇತಿಯ ಶುಲ್ಕವನ್ನು ಕಟ್ಟಿ, ಪುಸ್ತಕಗಳನ್ನು ಎರವಲು ತಂದು ಓದಿದೆವು.

ಇಂಥ ಗೃಹಗಳಲ್ಲಿ 14 ವರ್ಷ ತುಂಬದ ಮಕ್ಕಳನ್ನು ದುಡಿಸಿಕೊಳ್ಳುವುದು 2006ರಿಂದಲೇ ನಿಷಿದ್ಧ. ಅದಕ್ಕಿಂತ ದೊಡ್ಡವರಾದರೂ, ಶಾಲೆಯಲ್ಲಿ ಓದುತ್ತಿರುವ ಹುಡುಗಿಯರ ವಿಷಯದಲ್ಲಿ ನಾವು ಒಪ್ಪಲಾರೆವು. ಹದಿನೆಂಟು ತುಂಬಿದ ಹಳೆಯ ವಿದ್ಯಾರ್ಥಿನಿಯು ಹೋಗುವುದಾದರೆ, ಜೊತೆಗೊಬ್ಬ ಗೆಳತಿಯಿರಲಿ; ರಾತ್ರಿ ಮಲಗುವ ಸ್ಥಳವನ್ನು ತಾಯಿಯೇ ಕಣ್ಣಾರೆ ನೋಡಿ ಬರಲಿ; ಸಂಬಳವು ಅವಳ ಸ್ವಂತ ಖಾತೆಗೇ ಸೇರಲಿ. ಒಡೆದ ಬಟ್ಟಲುಗಳ ಲೆಕ್ಕವನ್ನು ಅಂದಂದೇ ತಾನೇ ಬರೆದಿಟ್ಟುಕೊಳ್ಳಲಿ.