ಮುಂದೆ ನಡೆಯುವವನೇ ನಾಯಕ

ನಾಯಕನೆಂದರೆ ಯಾರು ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ಎತ್ತರವಾದ ವೇದಿಕೆಯ ಕಡೆಗೆ ಬೆರಳು ತೋರಿಸುವರು. ಹಾರ ಹಾಕಿಸಿಕೊಂಡವನು, ಭಾಷಣ ಮಾಡತಕ್ಕವನು, ಆಜ್ಞೆ ಕೊಡತಕ್ಕವನು ನಾಯಕನೆಂದು ನಾವು ಎಣಿಸಿರುವೆವು. ಆದರೆ ‘ನೀ’ ಎಂಬ ಧಾತುವಿನಿಂದ ಹುಟ್ಟಿದ ಈ ಶಬ್ದಕ್ಕೆ ಕರೆದೊಯ್ಯುವವನು ಎಂದಷ್ಟೇ ಅರ್ಥ. ಕರೆದೊಯ್ಯಬೇಕಾದವನು ತಾನು ಮೊದಲು ನಡೆಯಬೇಕಲ್ಲವೆ? ಕುಳಿತಲ್ಲಿಂದ ಕೈಬೀಸಿ ದಾರಿ ತೋರುವವನನ್ನು ಕೈಮರ ಎನ್ನಬಹುದು, ನಾಯಕನೆನ್ನಲಾಗದು.

ಗೀತೆಯ ಮೂರನೆಯ ಅಧ್ಯಾಯದಲ್ಲಿ ಶ್ರೇಷ್ಠನಾದವನು ಹೇಗೆ ಆಚರಿಸುವನೋ ಲೋಕವು ಹಾಗೆಯೇ ಅನುಸರಿಸುವುದೆಂಬ ಅಭಿಪ್ರಾಯವು ಬರುವುದು. ಈ ಮಾತನ್ನು ನಾನು ಎಷ್ಟೋ ವರ್ಷ ಮಕ್ಕಳಿಗೆ ಪಾಠ ಹೇಳಿದೆನು. ಶ್ರೇಷ್ಠನೆಂದರೆ ದೊಡ್ಡ ಪದವಿಯಲ್ಲಿರುವವನೆಂದೇ ಆಗ ನನ್ನ ವ್ಯಾಖ್ಯಾನ. ಆದರೆ ವ್ಯಾಕರಣಕಾರರು ಈ ಪದವನ್ನು ‘ಪ್ರಶಸ್ಯ’ ಎಂಬ ಶಬ್ದದಿಂದ ಸಾಧಿಸುತ್ತಾರೆ. ಎಲ್ಲರಿಗಿಂತ ಹೆಚ್ಚು ಪ್ರಶಂಸೆಗೆ ಯೋಗ್ಯನಾದವನು ಶ್ರೇಷ್ಠನು. ಅದರಲ್ಲಿ ಪದವಿಯ ಮಾತೇ ಇಲ್ಲ. ಸೂತ್ರವು ಬಾಯಲ್ಲಿದ್ದರೂ ಅದರ ಅರ್ಥವು ನನಗೆ ತಡವಾಗಿ ತಿಳಿಯಿತು. ತಿಳಿಸಿದವರು ಓದುಬರಹ ಅರಿಯದ ಇಬ್ಬರು.

ಅವರಲ್ಲಿ ಒಬ್ಬರನ್ನು ವಾಚಕರು ಕೇಳಿ ಬಲ್ಲರು. ಅವರೇ ದಕ್ಷಿಣ ಕನ್ನಡ ಜಿಲ್ಲೆಯ ಹರೇಕಳದ ಹಾಜಬ್ಬನವರು. ಮಂಗಳೂರಿನ ಬೀದಿಗಳಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುವುದು ಅವರ ಕಸುಬಾಗಿತ್ತು. ಒಂದು ದಿನ ವಿದೇಶೀಯ ದಂಪತಿಗಳು ಬಂದು ಹಣ್ಣಿನ ಬೆಲೆಯನ್ನು ಇಂಗ್ಲಿಷಿನಲ್ಲಿ ಕೇಳಿದರು. ಹಾಜಬ್ಬನವರಿಗೆ ಪ್ರಶ್ನೆ ತಿಳಿಯಲಿಲ್ಲ, ಉತ್ತರ ಕೊಡಲಾಗಲಿಲ್ಲ. ಬಂದವರು ಹಾಗೆಯೇ ಹೊರಟುಹೋದರು.

ಇಂತಹ ಅಪಮಾನವು ನಮ್ಮಲ್ಲಿ ಯಾರಿಗೆ ಆಗಿಲ್ಲ? ಕೆಲವರು ಅದನ್ನು ಮರೆಯುವರು, ಕೆಲವರು ಲೋಕವನ್ನು ಹಳಿಯುವರು. ಹಾಜಬ್ಬನವರು ಎರಡನ್ನೂ ಮಾಡಲಿಲ್ಲ. ತಮ್ಮ ಊರಾದ ನ್ಯೂಪಡ್ಪುವಿನಲ್ಲಿ ಶಾಲೆಯಿಲ್ಲ. ತನಗಾದ ಗತಿಯೇ ಊರಿನ ಮಕ್ಕಳಿಗೂ ಆಗುವುದಲ್ಲ ಎಂದು ಅವರು ಮರುಗಿದರು. ತನ್ನ ಕೊರತೆಯಲ್ಲಿ ಪರರ ಕೊರತೆಯನ್ನು ಕಾಣುವುದು ಸಾಮಾನ್ಯವಾದ ಗುಣವಲ್ಲ. ನಾಯಕತ್ವದ ಮೊಳಕೆ ಒಡೆಯುವುದು ಅಲ್ಲಿಯೇ ಎಂದು ನನಗೆ ತೋರುತ್ತದೆ.

ದಿನಕ್ಕೆ ನೂರೈವತ್ತು ರೂಪಾಯಿಯ ಸಂಪಾದನೆಯಲ್ಲಿ ಸಂಸಾರ ಸಾಗಬೇಕು. ಅದರಲ್ಲಿಯೇ ಅಷ್ಟಿಷ್ಟು ಉಳಿಸಿದರು. ಕಚೇರಿಯಿಂದ ಕಚೇರಿಗೆ ಅಲೆದರು. ದಾನಿಗಳ ಬಾಗಿಲಲ್ಲಿ ನಿಂತರು. ಕಡೆಗೆ ೨೦೦೦ದ ಸುಮಾರಿಗೆ ಮದರಸಾದ ಕಟ್ಟಡವೊಂದರಲ್ಲಿ ೨೮ ಮಕ್ಕಳೊಡನೆ ಶಾಲೆಯು ಆರಂಭವಾಯಿತು. ಮುಂದೆ ಸ್ವಂತ ಜಾಗ ಬಂದಿತು, ಕಟ್ಟಡ ಎದ್ದಿತು, ಪ್ರಾಥಮಿಕ ಶಾಲೆಯು ಬೆಳೆದು ಪ್ರೌಢಶಾಲೆಯೂ ಆಯಿತು. ತಮಗೆ ಬಂದ ಪ್ರಶಸ್ತಿಗಳ ಹಣವನ್ನು ಅವರು ಶಾಲೆಗೇ ಸುರಿದರು. ಅಷ್ಟೇ ಅಲ್ಲ, ಶಾಲೆಯ ಅಂಗಳ ಗುಡಿಸುವುದು, ಮಕ್ಕಳಿಗೆ ಕುಡಿಯುವ ನೀರು ಕಾಯಿಸಿಡುವುದು ಇವೂ ಅವರ ಕೆಲಸಗಳೇ ಆಗಿದ್ದವು. ಕಟ್ಟಿಸಿದವನೆಂಬ ಹಮ್ಮಿಗೆ ಅಲ್ಲಿ ಎಡೆಯೆಲ್ಲಿ?

೨೦೨೦ರ ಜನವರಿಯಲ್ಲಿ ಅವರಿಗೆ ಪದ್ಮಶ್ರೀ ಪ್ರಕಟವಾಯಿತು. ಆ ವಾರ್ತೆ ಬಂದಾಗ ಅವರು ಪಡಿತರದ ಅಂಗಡಿಯ ಮುಂದೆ ಸರದಿಯಲ್ಲಿ ನಿಂತಿದ್ದರಂತೆ. ೨೦೨೧ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ಬಿಳಿಯ ಪಂಚೆ, ಬಿಳಿಯ ಅಂಗಿಯಲ್ಲಿ ಬರಿಗಾಲಿನಲ್ಲಿಯೇ ನಡೆದು, ರಾಮನಾಥ ಕೋವಿಂದರ ಕೈಯಿಂದ ಆ ಗೌರವವನ್ನು ಸ್ವೀಕರಿಸಿದರು.

ಇನ್ನೊಬ್ಬರ ಮಾತು. ಅವರ ಹೆಸರನ್ನು ಯಾವ ಪತ್ರಿಕೆಯೂ ಅಚ್ಚುಮಾಡಿಲ್ಲ, ನಾನೂ ಬರೆಯುವುದಿಲ್ಲ. ನಾನು ಉಪಾಧ್ಯಾಯನಾಗಿದ್ದ ಒಂದು ಶಾಲೆಯಲ್ಲಿ ಆಕೆ ಮಕ್ಕಳಿಗೆ ಅಡಿಗೆ ಮಾಡುತ್ತಿದ್ದಳು. ಒಮ್ಮೆ ಸಭೆಯಲ್ಲಿ ಆಕೆ ಎದ್ದು ನಿಂತು, ನೀರಿನ ತೊಟ್ಟಿಯಲ್ಲಿ ಪಾಚಿ ಕಟ್ಟಿದೆ, ಮಕ್ಕಳಿಗೆ ಹೊಟ್ಟೆನೋವು ಬರುತ್ತಿದೆ ಎಂದು ಹೇಳತೊಡಗಿದಳು. ನಾನು ನಡುವೆ ಬಾಯಿಹಾಕಿ, “ಶಾಲೆಯ ಆಡಳಿತದ ವಿಷಯ ನಿನಗೇಕಮ್ಮ? ನೀನು ಅಡಿಗೆ ನೋಡಿಕೊ” ಎಂದೆನು. ಆಕೆ ಮರುಮಾತಾಡದೆ ಕುಳಿತಳು. ಆ ವಾರದ ಪ್ರಾರ್ಥನೆಯ ವೇಳೆಯಲ್ಲಿ ನಾನು ಶುಚಿತ್ವದ ಮೇಲೆ ಅರ್ಧ ಗಂಟೆ ಉಪನ್ಯಾಸ ಮಾಡಿದುದೂ ನೆನಪಿದೆ.

ಬಂದ ಶನಿವಾರ ಶಾಲೆ ಬಿಟ್ಟ ಮೇಲೆ ಆಕೆ ಒಬ್ಬಳೇ ತೊಟ್ಟಿಗಿಳಿದು ತೆಂಗಿನ ನಾರಿನಿಂದ ಅದನ್ನು ಉಜ್ಜಿದಳು. ಮರುವಾರವೂ ಹಾಗೆಯೇ. ಯಾರನ್ನೂ ಕರೆಯಲಿಲ್ಲ, ಯಾರ ಮೇಲೂ ದೂರಲಿಲ್ಲ. ಮೂರನೆಯ ಶನಿವಾರ ಏಳನೆಯ ತರಗತಿಯ ಇಬ್ಬರು ಹುಡುಗಿಯರು ಬಿಂದಿಗೆ ಹಿಡಿದು ನಿಂತರು. ತಿಂಗಳು ತುಂಬುವುದರೊಳಗೆ ಹುಡುಗರೂ ಸೇರಿದರು; ತರುಣ ಉಪಾಧ್ಯಾಯರೊಬ್ಬರು ಪಂಚೆ ಎತ್ತಿಕಟ್ಟಿದರು. ಎಲ್ಲರಿಗಿಂತ ಕಡೆಯಲ್ಲಿ ಇಳಿದವನು ನಾನು. ಆಕೆ ಏನೂ ಹೇಳಲಿಲ್ಲ. ತನ್ನ ಕೈಯಲ್ಲಿದ್ದ ನಾರಿನಲ್ಲಿ ಅರ್ಧವನ್ನು ಹರಿದು ನನಗೆ ಕೊಟ್ಟಳು. ನನ್ನ ಉಪನ್ಯಾಸಗಳಿಂದ ಆಗದ ಕೆಲಸವು ಆ ಹಿಡಿ ನಾರಿನಿಂದ ಆಯಿತು. ಅಂದು ಆಡಿದ ಮಾತಿಗಾಗಿ ಕ್ಷಮೆ ಕೇಳಬೇಕೆಂದುಕೊಂಡು ದಿನಗಳನ್ನು ದೂಡಿದೆನು. ಆಕೆ ಕೆಲಸ ಬಿಟ್ಟು ಮಗಳ ಊರಿಗೆ ಹೊರಟುಹೋದಳು. ಆ ಸಾಲವು ಇಂದಿಗೂ ತೀರಿಲ್ಲ.

ಆಚರಣೆಗೆ ಇಷ್ಟು ಬಲವೇಕೆ? ಉಪದೇಶವನ್ನು ಕೇಳಿದವನ ಮನಸ್ಸು ‘ಇವನು ಮಾಡುವನೇ?’ ಎಂದು ಮೊದಲು ತೂಗುವುದು. ಕಣ್ಣೆದುರಿನ ಕೆಲಸಕ್ಕೆ ಈ ಶಂಕೆಯಿಲ್ಲ. ಅದನ್ನು ಕಂಡವನು ‘ನಾನೇಕೆ ಮಾಡಬಾರದು?’ ಎಂದು ತನ್ನನ್ನೇ ಕೇಳಿಕೊಳ್ಳುವನು. ಮಾಡುವವನು ದೊಡ್ಡವನಾಗಿದ್ದರೆ ಅವನಿಗೆ ಅನುಕೂಲವಿದೆಯೆಂಬ ನೆಪವಾದರೂ ಸಿಕ್ಕೀತು. ಹಣ್ಣು ಮಾರುವವನು ಶಾಲೆ ಕಟ್ಟಿದಾಗ ನಮಗೆ ಯಾವ ನೆಪವೂ ಉಳಿಯುವುದಿಲ್ಲ.

ಇಂತಹವರು ನಮ್ಮ ನಾಡಿನಲ್ಲಿ ವಿರಳರಲ್ಲ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಬೆಟ್ಟದಲ್ಲಿ ಮೃಗಪಕ್ಷಿಗಳಿಗಾಗಿ ಕಟ್ಟೆಗಳನ್ನು ತೋಡಿಸಿ ೨೦೨೨ರಲ್ಲಿ ತೀರಿಕೊಂಡರು. ಹುಲಿಕಲ್ಲು ಕುದೂರುಗಳ ನಡುವೆ ಆಲದ ಸಾಲು ಬೆಳೆಸಿದ ತಿಮ್ಮಕ್ಕನವರು ೨೦೨೫ರಲ್ಲಿ ಅಗಲಿದರು. ಇವರಾರೂ ಅನುಯಾಯಿಗಳನ್ನು ಹುಡುಕಿಕೊಂಡು ಹೋದವರಲ್ಲ.

ಗೃಹಸ್ಥರಾದ ನಮಗೆ ಇದರಿಂದ ತಿಳಿಯತಕ್ಕ ಅಂಶವು ಸಣ್ಣದು. ನಮ್ಮ ಮನೆಯ ಕೂಸಿಗೆ ಮೊದಲ ನಾಯಕರು ನಾವೇ. ನಾವು ಆಡಿದುದನ್ನು ಅದು ಮರೆತೀತು, ಮಾಡಿದುದನ್ನು ಮರೆಯದು. ಎರಡನೆಯದಾಗಿ, ನಮ್ಮ ಅಂಗಳದಲ್ಲಿ, ಅಡಿಗೆಮನೆಯಲ್ಲಿ, ಬೀದಿಯಲ್ಲಿ ಯಾರಾದರೂ ದನಿಯೆತ್ತದೆ ಒಳ್ಳೆಯ ಕೆಲಸವನ್ನು ಮಾಡುತ್ತಿದ್ದರೆ ಅವರ ವಿದ್ಯೆಯನ್ನೂ ವೇಷವನ್ನೂ ವಿಚಾರಿಸದೆ ಪಕ್ಕದಲ್ಲಿ ಹೋಗಿ ನಿಲ್ಲೋಣ. ಅವರು ಮಾತಾಡಲು ಎದ್ದರೆ ಕೇಳೋಣ. ನನ್ನಂತೆ ಕಡೆಯವರಾಗಿ ತೊಟ್ಟಿಗಿಳಿಯುವ ಗತಿ ವಾಚಕರಿಗೆ ಬಾರದಿರಲಿ.