ಕೃತಕ ಕೀಲಿನ ಸವೆತದಿಂದ ಉಂಟಾಗುವ ತೊಂದರೆಗಳು: ಸಾರ್ವಜನಿಕರಿಗೆ ಮಾಹಿತಿ

ಸೊಂಟ ಅಥವಾ ಮೊಣಕಾಲಿನ ಕೀಲು ಬದಲಾವಣೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರುವ ಹಾಗೂ ಮಾಡಿಸಿಕೊಳ್ಳಲು ಅರ್ಜಿ ಸಲ್ಲಿಸುವ ನಾಗರಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಬ್ರಹ್ಮಗಿರಿ ಸುತ್ತಲಿನ ಗ್ರಾಮಗಳೂ ಸೇರಿದಂತೆ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಜನರು ಈ ಚಿಕಿತ್ಸೆಗಾಗಿ ಸಾಮಾನ್ಯವಾಗಿ ಚಿತ್ರದುರ್ಗ, ಬಳ್ಳಾರಿ, ದಾವಣಗೆರೆ ಅಥವಾ ಬೆಂಗಳೂರಿಗೆ ತೆರಳುತ್ತಾರೆ. ಆಸ್ಪತ್ರೆ ದೂರವಿರುವುದರಿಂದ ದಾಖಲೆಗಳನ್ನು ಮನೆಯಲ್ಲಿಯೇ ಜೋಪಾನವಾಗಿ ಇಟ್ಟುಕೊಳ್ಳುವುದು ಅತ್ಯಗತ್ಯ.

ತೊಂದರೆ ಹೇಗೆ ಉಂಟಾಗುತ್ತದೆ?

ಕೃತಕ ಕೀಲಿನ ಭಾಗಗಳು ನಡಿಗೆಯಲ್ಲಿ ಒಂದಕ್ಕೊಂದು ಉಜ್ಜಿ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಣಗಳು ಉದುರುತ್ತವೆ. ಪ್ಲಾಸ್ಟಿಕ್ ಕಣಗಳನ್ನು ನುಂಗಿದ ರಕ್ಷಕ ಜೀವಕೋಶಗಳು ಸ್ರವಿಸುವ ವಸ್ತುಗಳಿಂದ ಸುತ್ತಲಿನ ಮೂಳೆ ಕ್ರಮೇಣ ಕರಗಿ ಕೀಲು ಸಡಿಲಗೊಳ್ಳಬಹುದು. ಲೋಹದ ಗುಂಡು ಲೋಹದ ಬಟ್ಟಲಿನಲ್ಲಿಯೇ ತಿರುಗುವ ಕೀಲುಗಳಿಂದ ಕೋಬಾಲ್ಟ್ ಮತ್ತು ಕ್ರೋಮಿಯಂ ಬಿಡುಗಡೆಯಾಗುತ್ತವೆ. ಇವುಗಳಿಂದ ಸುತ್ತಲಿನ ಸ್ನಾಯು ಮತ್ತಿತರ ಮೃದು ಅಂಗಾಂಶಗಳಲ್ಲಿ ಉರಿಯೂತ, ದ್ರವ ತುಂಬಿದ ಗಂಟು ಹಾಗೂ ಕೆಲವರಲ್ಲಿ ಅಂಗಾಂಶದ ನಾಶ ಉಂಟಾಗುತ್ತದೆ. ಈ ಗಂಟು ಕ್ಯಾನ್ಸರ್ ಅಲ್ಲ. ಆದರೆ ಚಿಕಿತ್ಸೆ ತಡವಾದಲ್ಲಿ ಸ್ನಾಯು ಶಾಶ್ವತವಾಗಿ ಹಾಳಾಗಿ, ಮರುಶಸ್ತ್ರಚಿಕಿತ್ಸೆಯ ನಂತರವೂ ಕುಂಟುತನ ಉಳಿಯಬಹುದು.

ಎ.ಎಸ್.ಆರ್. ಸೊಂಟದ ಕೀಲಿನ ಪ್ರಕರಣ

ಜಾನ್ಸನ್ ಅಂಡ್ ಜಾನ್ಸನ್ ಸಮೂಹದ ಡಿಪ್ಯೂ ಸಂಸ್ಥೆಯು ತಯಾರಿಸಿದ ಲೋಹದ ಎ.ಎಸ್.ಆರ್. ಕೀಲನ್ನು ಆಗಸ್ಟ್ 2010ರಲ್ಲಿ ಜಗತ್ತಿನಾದ್ಯಂತ ಹಿಂಪಡೆಯಲಾಯಿತು. ಐದು ವರ್ಷಗಳೊಳಗೆ ಸುಮಾರು ಶೇ. 12ರಿಂದ 13ರಷ್ಟು ರೋಗಿಗಳಿಗೆ ಮರುಶಸ್ತ್ರಚಿಕಿತ್ಸೆ ಬೇಕಾಯಿತೆಂದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಕೀಲು ನೋಂದಣಿ ದಾಖಲೆಗಳಿಂದ ತಿಳಿದುಬಂದಿತ್ತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಈ ಕೀಲನ್ನು ಬಳಸಲಾಗಿತ್ತು.

ಕೇಂದ್ರ ಸರ್ಕಾರವು 2017ರಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಬಾಧಿತರಿಗೆ ಕನಿಷ್ಠ 20 ಲಕ್ಷ ರೂ. ಪರಿಹಾರ ನೀಡಬೇಕೆಂದು ಸಮಿತಿ ಶಿಫಾರಸು ಮಾಡಿತು. ವಯಸ್ಸು ಮತ್ತು ಅಂಗವೈಕಲ್ಯವನ್ನು ಆಧರಿಸಿದ ಪರಿಹಾರದ ಸೂತ್ರವನ್ನು 2018ರಲ್ಲಿ ಪ್ರಕಟಿಸಲಾಯಿತು. ಇದನ್ನು ಸಂಸ್ಥೆಯು ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿತು. ಮರುಶಸ್ತ್ರಚಿಕಿತ್ಸೆಗೆ ಒಳಗಾಗಿ ಪರಿಶೀಲನೆ ಪೂರ್ಣಗೊಂಡಿದ್ದ 67 ರೋಗಿಗಳಿಗೆ ತಲಾ 25 ಲಕ್ಷ ರೂ. ನೀಡುವುದಾಗಿ ಮೇ 2019ರಲ್ಲಿ ಅದೇ ನ್ಯಾಯಾಲಯಕ್ಕೆ ತಿಳಿಸಿತು. ಸಾವಿರಾರು ಶಸ್ತ್ರಚಿಕಿತ್ಸೆಗಳ ಪೈಕಿ ಪರಿಶೀಲನೆ ಪೂರ್ಣಗೊಂಡವರ ಸಂಖ್ಯೆ ಇಷ್ಟು ಕಡಿಮೆ ಇದ್ದುದನ್ನು ನಾಗರಿಕರು ಗಮನಿಸಬೇಕು. ತನ್ನ ದೇಹದಲ್ಲಿರುವ ಕೀಲು ಯಾವುದೆಂದು ದಾಖಲೆಯಿಂದ ತೋರಿಸಲಾಗದ ರೋಗಿಗೆ ಪರಿಹಾರ ಕೋರುವುದು ಬಹಳ ಕಷ್ಟ.

ಗಮನಿಸಬೇಕಾದ ಲಕ್ಷಣಗಳು

1. ತೊಡೆಸಂದು, ಸೊಂಟ ಅಥವಾ ತೊಡೆಯಲ್ಲಿ ಹೊಸದಾಗಿ ಕಾಣಿಸಿಕೊಂಡ ನೋವು, ಊತ ಅಥವಾ ಗಂಟು.
2. ಕುಂಟುವುದು, ನಡೆಯುವಾಗ ಕೀಲಿನಲ್ಲಿ ಸದ್ದಾಗುವುದು.
3. ಲೋಹದ ಕೀಲು ಇರುವವರಲ್ಲಿ ಶ್ರವಣ ಅಥವಾ ದೃಷ್ಟಿ ಮಂದವಾಗುವುದು, ಉಸಿರಾಟದ ತೊಂದರೆ (ಇವು ವಿರಳ).

ಚಿತ್ರದುರ್ಗ ಜಿಲ್ಲೆಯ ಈ ಭಾಗದಲ್ಲಿ ಫ್ಲೋರೈಡ್‌ಯುಕ್ತ ನೀರಿನಿಂದಲೂ ಕೀಲುನೋವು ಬರುವುದುಂಟು. ಆದ್ದರಿಂದ ಕೃತಕ ಕೀಲು ಇರುವವರ ನೋವನ್ನು ನೀರಿನ ದೋಷವೆಂದೋ, ವಯಸ್ಸಿನ ಅಥವಾ ಮಗ್ಗದ ಕೆಲಸದ ಪರಿಣಾಮವೆಂದೋ ಭಾವಿಸಿ ಕಡೆಗಣಿಸಬಾರದು. ಎಕ್ಸ್-ರೇ ಸಹಜವಾಗಿ ಕಂಡರೂ ಮೃದು ಅಂಗಾಂಶದಲ್ಲಿ ತೊಂದರೆ ಇರಬಹುದು. ಲೋಹದ ಕೀಲು ಇರುವವರಿಗೆ ರಕ್ತದಲ್ಲಿನ ಕೋಬಾಲ್ಟ್ ಮತ್ತು ಕ್ರೋಮಿಯಂ ಪರೀಕ್ಷೆ, ಅಲ್ಟ್ರಾಸೌಂಡ್ ಅಥವಾ ವಿಶೇಷ ವಿಧಾನದ ಎಂ.ಆರ್.ಐ. ಬೇಕಾಗಬಹುದು. ಬ್ರಿಟನ್ನಿನ ನಿಯಂತ್ರಣ ಸಂಸ್ಥೆಯು 2010ರಲ್ಲಿ ರಕ್ತದ ಪ್ರತಿ ಲೀಟರಿಗೆ 7 ಮೈಕ್ರೋಗ್ರಾಂ ಪ್ರಮಾಣವನ್ನು ಹೆಚ್ಚಿನ ತಪಾಸಣೆಗೆ ಸೂಚಕವಾಗಿ ನಿಗದಿಪಡಿಸಿತ್ತು.

ಇಟ್ಟುಕೊಳ್ಳಬೇಕಾದ ದಾಖಲೆಗಳು

1. ಕೀಲಿನ ಹೆಸರು, ತಯಾರಕರು ಹಾಗೂ ಬ್ಯಾಚ್ ಸಂಖ್ಯೆ ಇರುವ ಚೀಟಿ (ಸ್ಟಿಕ್ಕರ್).
2. ಆಸ್ಪತ್ರೆಯ ಬಿಡುಗಡೆ ಪತ್ರ ಮತ್ತು ಶಸ್ತ್ರಚಿಕಿತ್ಸೆಯ ಟಿಪ್ಪಣಿ.
3. ಬಿಲ್ಲು. ಮೊಣಕಾಲಿನ ಕೀಲುಗಳಿಗೆ ಆಗಸ್ಟ್ 2017ರಲ್ಲಿ ಗರಿಷ್ಠ ಬೆಲೆ ನಿಗದಿಪಡಿಸಿದ ಆದೇಶದಲ್ಲಿ ಕೀಲಿನ ಬೆಲೆ ಮತ್ತು ವಿವರಗಳನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ನಮೂದಿಸಬೇಕೆಂದು ತಿಳಿಸಲಾಗಿದೆ.
4. ಎಲ್ಲ ಎಕ್ಸ್-ರೇ ಮತ್ತು ರಕ್ತಪರೀಕ್ಷೆಯ ವರದಿಗಳು.

ಚೀಟಿ ಕಳೆದುಹೋಗಿದ್ದಲ್ಲಿ ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಗೆ ಲಿಖಿತ ಅರ್ಜಿ ಸಲ್ಲಿಸಿ ದಾಖಲೆಗಳ ಪ್ರತಿ ಕೋರಬೇಕು. ಸ್ವೀಕೃತಿ ಪಡೆಯುವುದನ್ನು ಮರೆಯಬಾರದು.

ದೂರು ಮತ್ತು ನೆರವು

ವೈದ್ಯಕೀಯ ಸಾಧನಗಳ ತೊಂದರೆಗಳನ್ನು ದಾಖಲಿಸಲು ಕೇಂದ್ರ ಸರ್ಕಾರವು ಜುಲೈ 2015ರಲ್ಲಿ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮವನ್ನು ಆರಂಭಿಸಿತು. ವೈದ್ಯರಲ್ಲದೆ ರೋಗಿಗಳೂ 1800 180 3024 ಉಚಿತ ದೂರವಾಣಿಯ ಮೂಲಕ ವರದಿ ಮಾಡಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಬಯಸುವವರು, ಮರುಶಸ್ತ್ರಚಿಕಿತ್ಸೆಯ ವೆಚ್ಚ ಎಷ್ಟರಮಟ್ಟಿಗೆ ಭರಿಸಲ್ಪಡುತ್ತದೆ ಎಂಬುದನ್ನು ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರಿಂದ ಖಚಿತಪಡಿಸಿಕೊಳ್ಳತಕ್ಕದ್ದು.

ಕೃತಕ ಕೀಲು ಹೊಂದಿರುವ ಎಲ್ಲರಿಗೂ ಈ ತೊಂದರೆ ಬರುವುದಿಲ್ಲ; ಬಹುಪಾಲು ಜನರು ಅನೇಕ ವರ್ಷ ನೋವಿಲ್ಲದೆ ನಡೆಯುತ್ತಾರೆ. ಆದುದರಿಂದ ಗಾಬರಿಯಾಗದೆ, ವೈದ್ಯರು ಸೂಚಿಸಿದಂತೆ ತಪಾಸಣೆಗೆ ಹಾಜರಾಗಿ, ದಾಖಲೆಗಳನ್ನು ಕಾಪಾಡಿಕೊಳ್ಳಲು ಕೋರಲಾಗಿದೆ.