ಎರಡು ಕಾರು, ಒಂದು ಏರು

ಕಾರು ಕೊಳ್ಳುವ ಸುದ್ದಿ ಹೊರಬಿದ್ದರೆ ಸಾಕು, ನಮ್ಮ ಸೋಂದಾದಲ್ಲಿ ಸಲಹೆಗೆ ಬರವಿಲ್ಲ. ಡೇರಿಗೆ ಹಾಲು ಹಾಕಲು ಹೋದರೆ ಒಬ್ಬರು ‘ಮಾರುತಿ ತಗಳಿ, ಮಾರೋ ಹೊತ್ತಿಗೂ ದುಡ್ಡು ಬರ್ತು’ ಎನ್ನುತ್ತಾರೆ. ಅಡಕೆ ವ್ಯಾಪಾರಕ್ಕೆಂದು ಶಿರಸಿಗೆ ಹೋದರೆ ಇನ್ನೊಬ್ಬರು ‘ಟಾಟಾದ್ದು ಗಟ್ಟಿ ತಗಡು’ ಎನ್ನುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂತರೆ ಪಾಯಸ ಬಡಿಸುವಷ್ಟರಲ್ಲಿ ಮೂರು ಕಂಪನಿಗಳ ಜಾತಕ ಮುಗಿದಿರುತ್ತದೆ. ನಾನು ಹುಬ್ಬಳ್ಳಿಯಲ್ಲಿ ಬಿ.ಇ. ಮೆಕ್ಯಾನಿಕಲ್ ಓದುತ್ತಿರುವುದರಿಂದ ಕೊನೆಗೆ ಎಲ್ಲರೂ ನನ್ನತ್ತ ತಿರುಗಿ ‘ನೀನೇ ಹೇಳು’ ಎನ್ನುತ್ತಾರೆ. ಹಾಗಾಗಿ ರಜೆಯಲ್ಲಿ ಊರಿಗೆ ಬಂದವಳಿಗೆ ಮನೆಯವರು ಒಪ್ಪಿಸಿದ ಕೆಲಸ ಇದು: ಟಾಟಾ ನೆಕ್ಸಾನ್ ಮತ್ತು ಮಾರುತಿ ಬ್ರೆಝಾ, ಎರಡರಲ್ಲಿ ಒಂದನ್ನು ಆರಿಸಬೇಕು.

ನಮಗೆ ಕಾರು ಶೋಕಿಗಲ್ಲ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಅಜ್ಜನಿಗೆ ಎದೆನೋವು ಬಂತು. ಅಪ್ಪನಿಗೆ ರಾತ್ರಿ ಹೊತ್ತು ಎದುರಿನ ಗಾಡಿಯ ಬೆಳಕು ಕಣ್ಣಿಗೆ ಹೊಡೆದರೆ ರಸ್ತೆ ಕಾಣುವುದಿಲ್ಲ. ನಾನು ಹಾಸ್ಟೆಲಿನಲ್ಲಿದ್ದೆ. ಪಕ್ಕದ ಮನೆಯವರು ಎದ್ದು ಬಂದು ತಮ್ಮ ಕಾರಿನಲ್ಲಿ ಇಪ್ಪತ್ತು ಕಿ.ಮೀ. ದೂರದ ಶಿರಸಿಗೆ ಮುಟ್ಟಿಸಿದರು, ಅಲ್ಲಿಂದ ನೂರು ಕಿ.ಮೀ. ದೂರದ ಹುಬ್ಬಳ್ಳಿಗೆ. ಅಜ್ಜ ಈಗ ಹುಷಾರಾಗಿದ್ದಾನೆ, ಎರಡು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕು. ನಮ್ಮ ಹಳೆಯ ಓಮ್ನಿ ಅಡಕೆ ಚೀಲಕ್ಕೆ, ಹಿಂಡಿ ಮೂಟೆಗೆ ಚಿನ್ನದಂಥದ್ದು. ಆದರೆ ಎದೆನೋವಿನ ಮನುಷ್ಯನನ್ನು ನೂರಿಪ್ಪತ್ತು ಕಿ.ಮೀ. ಕೂರಿಸಿಕೊಂಡು ಹೋಗುವ ಗಾಡಿ ಅದಲ್ಲ. ಆ ರಾತ್ರಿಯ ನಂತರ ಆಯಿ ಶಿರಸಿಗೆ ಹೋಗಿ ಡ್ರೈವಿಂಗ್ ಕಲಿತಳು, ನಲವತ್ತಾರನೇ ವಯಸ್ಸಿನಲ್ಲಿ.

3995ರ ಗುಟ್ಟು

ಎರಡೂ ಕಾರಿನ ವಿವರ ಅಕ್ಕಪಕ್ಕ ಬರೆಯುತ್ತ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಉದ್ದ. ನೆಕ್ಸಾನ್ 3995 ಮಿ.ಮೀ., ಬ್ರೆಝಾ ಕೂಡ 3995 ಮಿ.ಮೀ. ಇದು ಕಾಕತಾಳೀಯವಲ್ಲ. 2006ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಸಣ್ಣ ಕಾರಿಗೆ ತೆರಿಗೆ ಇಳಿಸಿದಾಗ ‘ಸಣ್ಣದು’ ಎಂದರೆ ನಾಲ್ಕು ಮೀಟರಿನೊಳಗೆ ಎಂದು ಗೆರೆ ಎಳೆಯಿತು. ಅಂದಿನಿಂದ ಕಂಪನಿಗಳು ಆ ಗೆರೆಗೆ ಐದು ಮಿ.ಮೀ. ಬಿಟ್ಟು ಕಾರು ಮಾಡುತ್ತಿವೆ. ‘ಕಾಂಪ್ಯಾಕ್ಟ್ ಎಸ್‌ಯುವಿ’ ಎಂದು ನಾವು ಕರೆಯುವ ಗಾಡಿಯ ಆಕಾರವನ್ನು ಅರ್ಧ ಎಂಜಿನಿಯರ್ ಬರೆದರೆ ಇನ್ನರ್ಧ ತೆರಿಗೆ ಇಲಾಖೆ ಬರೆದಿದೆ.

ಆ ಗೆರೆಗೆ ಇನ್ನೊಂದು ಷರತ್ತಿದೆ. ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ ಎಂಜಿನ್ 1500 ಸಿಸಿ ಮೀರಬಾರದು. ನೆಕ್ಸಾನ್ ಪೆಟ್ರೋಲ್ 1199 ಸಿಸಿ, ಡೀಸೆಲ್ 1497 ಸಿಸಿ. ಎರಡೂ ಒಳಗೆ. ಬ್ರೆಝಾದ ಪೆಟ್ರೋಲ್ ಎಂಜಿನ್ 1462 ಸಿಸಿ, ಹೊರಗೆ. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಹೊಸ ಜಿಎಸ್‌ಟಿಯಲ್ಲಿ ಒಳಗಿನವಕ್ಕೆ ಶೇ 18, ಹೊರಗಿನವಕ್ಕೆ ಶೇ 40. ಅಂದರೆ ನಾವು ಕೊಡುವ ಪ್ರತಿ ನೂರು ರೂಪಾಯಿ ಎಕ್ಸ್‌ ಷೋರೂಂ ಬೆಲೆಯಲ್ಲಿ ನೆಕ್ಸಾನ್‌ನದ್ದು ಸುಮಾರು 15 ರೂಪಾಯಿ ತೆರಿಗೆಗೆ ಹೋದರೆ, ಬ್ರೆಝಾದ್ದು ಸುಮಾರು 29 ರೂಪಾಯಿ ಹೋಗುತ್ತದೆ. ‘ಅಷ್ಟೇ ದುಡ್ಡಿಗೆ ಅದರಲ್ಲಿ ಹೆಚ್ಚು ಸೌಲಭ್ಯ ಹೆಂಗೆ ಕೊಡ್ತ?’ ಎಂಬ ಅಪ್ಪನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಇದರ ಮೇಲೆ ರಾಜ್ಯದ ರಸ್ತೆ ತೆರಿಗೆ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ಶೇ 14, ಹತ್ತು ಲಕ್ಷ ದಾಟಿದರೆ ಶೇ 17, ಜೊತೆಗೆ ಸೆಸ್. 9.90 ಲಕ್ಷದ ಮಾದರಿ ಬಿಟ್ಟು ಸನ್‌ರೂಫ್ ಆಸೆಗೆ 10.10 ಲಕ್ಷದ್ದು ಆರಿಸಿದರೆ, ಬೆಲೆಯಲ್ಲಿ ವ್ಯತ್ಯಾಸ ಇಪ್ಪತ್ತು ಸಾವಿರ, ರಸ್ತೆ ತೆರಿಗೆಯಲ್ಲೇ ವ್ಯತ್ಯಾಸ ಮೂವತ್ಮೂರು ಸಾವಿರ! ನಮ್ಮ ಕಡೆ ವರ್ಷದಲ್ಲಿ ನಾಲ್ಕು ತಿಂಗಳು ಮಳೆ. ಸನ್‌ರೂಫ್ ಪಟ್ಟಿಯಿಂದ ಬಿಟ್ಟುಹೋಯಿತು.

ನಮ್ಮ ರಸ್ತೆಯ ಲೆಕ್ಕ

ಡಾಂಬರು ರಸ್ತೆ ಬಿಟ್ಟು ನಮ್ಮ ಮನೆಗೆ ಒಂದೂವರೆ ಕಿ.ಮೀ. ಮಣ್ಣಿನ ದಾರಿ. ಕೊನೆಯಲ್ಲಿ ತೋಟದ ಪಕ್ಕ ಒಂದು ಏರು, ಏರಿನ ನಡುವೆ ತಿರುವು. ಮಳೆಗಾಲದಲ್ಲಿ ಅಲ್ಲಿ ನೀರು ಹರಿದು ಎರಡು ಕಾಲುವೆಯಾಗುತ್ತದೆ. ಹಾಗಾಗಿ ನೆಲದಿಂದ ಕಾರಿನ ಹೊಟ್ಟೆಗೆ ಎಷ್ಟು ಎತ್ತರ ಎಂಬುದು ನಮಗೆ ಮುಖ್ಯ. ನೆಕ್ಸಾನ್ 208 ಮಿ.ಮೀ., ಬ್ರೆಝಾ 198 ಮಿ.ಮೀ. ಆದರೆ ಇವು ಸಾಮಾನ್ಯವಾಗಿ ಖಾಲಿ ಕಾರಿನ ಅಳತೆ. ಐದು ಜನ ಕೂತು ಹಿಂದೆ ಎರಡು ಚೀಲ ಇಟ್ಟರೆ ಸ್ಪ್ರಿಂಗ್ ಕುಗ್ಗಿ ಎತ್ತರ ಇಳಿಯುತ್ತದೆ. ಹತ್ತು ಮಿ.ಮೀ. ವ್ಯತ್ಯಾಸಕ್ಕಿಂತ ಕಾಲುವೆಗೆ ಕಲ್ಲು ತುಂಬುವುದು ಹೆಚ್ಚು ಉಪಯೋಗ.

ಇನ್ನೊಂದು ಮಾತು ಷೋರೂಮಿನಲ್ಲಿ ನಾವಾಗಿ ಕೇಳದೆ ಹೇಳುವುದಿಲ್ಲ. ಎತ್ತರಕ್ಕೆ ನಿಂತ ಮಾತ್ರಕ್ಕೆ ಇವು ಜೀಪಲ್ಲ. ಎರಡರಲ್ಲೂ ಎಂಜಿನ್ ತಿರುಗಿಸುವುದು ಮುಂದಿನ ಎರಡು ಗಾಲಿಗಳನ್ನು ಮಾತ್ರ. ಏರು ಹತ್ತುವಾಗ ಭಾರ ಹಿಂದಕ್ಕೆ ಸರಿಯುತ್ತದೆ, ಮುಂದಿನ ಗಾಲಿ ಹಗುರಾಗುತ್ತದೆ, ಜೇಡಿಮಣ್ಣು ಸಿಕ್ಕರೆ ಅಲ್ಲೇ ಗಿರಗಿರ ತಿರುಗುತ್ತದೆ. ಯಾವ ಕಂಪನಿಯದಾದರೂ ಇಷ್ಟೇ. ಅಪ್ಪ ಇದನ್ನು ಕೇಳಿ ಕಾರಿಗಿಂತ ಮೊದಲು ಏರಿಗೆ ಎರಡು ಲೋಡು ಚಿರೇಕಲ್ಲಿನ ಚೂರು ಹಾಕಿಸಿದ.

ಡೀಸೆಲ್ ಬೇಕೇ?

ಬ್ರೆಝಾ 2016ರಲ್ಲಿ ‘ವಿಟಾರಾ ಬ್ರೆಝಾ’ ಆಗಿ ಬಂದಾಗ ಬರೀ ಡೀಸೆಲ್ ಇತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್‌-6 ನಿಯಮ ಬಂದಾಗ ಮಾರುತಿ ಡೀಸೆಲನ್ನೇ ಕೈಬಿಟ್ಟಿತು. ನೆಕ್ಸಾನ್‌ನಲ್ಲಿ ಈಗಲೂ ಡೀಸೆಲ್ ಸಿಗುತ್ತದೆ, 260 ಎನ್‌ಎಂ ಟಾರ್ಕ್‌ನ ಬಲಶಾಲಿ ಎಂಜಿನ್. ಊರಿನ ಹಿರಿಯರಿಗೆಲ್ಲ ಅದರ ಮೇಲೇ ಕಣ್ಣು. ನಾನು ನಮ್ಮ ಓಡಾಟ ಬರೆದೆ: ಶಿರಸಿ, ಹುಬ್ಬಳ್ಳಿ, ನೆಂಟರ ಮನೆ ಎಲ್ಲ ಸೇರಿ ವರ್ಷಕ್ಕೆ ಎಂಟು ಸಾವಿರ ಕಿ.ಮೀ. ಲೆಕ್ಕ ಹಾಕಿದಾಗ ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಡೀಸೆಲ್ 91 ರೂಪಾಯಿ ಇತ್ತು. ನಮ್ಮ ರಸ್ತೆಯಲ್ಲಿ ಪೆಟ್ರೋಲ್ ಕಾರು 14, ಡೀಸೆಲ್ ಕಾರು 18 ಕಿ.ಮೀ. ಕೊಡುತ್ತದೆ ಎಂದು ಇಟ್ಟುಕೊಂಡರೆ, ಡೀಸೆಲ್‌ನಿಂದ ವರ್ಷಕ್ಕೆ ಉಳಿಯುವುದು ಹದಿನೆಂಟು ಸಾವಿರ ಚಿಲ್ಲರೆ. ಡೀಸೆಲ್ ಕಾರಿಗೆ ಒಂದು ಲಕ್ಷ ಹೆಚ್ಚೆಂದು ಹಿಡಿದರೂ ಅದು ವಾಪಸ್ ಬರಲು ಐದೂವರೆ ವರ್ಷ ಬೇಕು. ಬಿಎಸ್‌-6 ಡೀಸೆಲ್‌ನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆಗಾಗ ಒಂದೇ ವೇಗದಲ್ಲಿ ಉದ್ದಕ್ಕೆ ಓಡಿಸಿದರೆ ಮಾತ್ರ ಆ ಮಸಿ ಸುಟ್ಟು ಹೋಗುತ್ತದೆ. ಡೇರಿ, ಬ್ಯಾಂಕು ಎಂದು ನಾಲ್ಕು ಕಿ.ಮೀ. ಓಡಿಸುವವರಿಗೆ ಅದು ಹೇಳಿಸಿದ್ದಲ್ಲ. ನಾವು ಪೆಟ್ರೋಲಿಗೇ ಬಂದೆವು.

ನಕ್ಷತ್ರದ ವಿಚಾರ

ನೆಕ್ಸಾನ್ 2018ರ ಡಿಸೆಂಬರಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆಯಿತು. ಭಾರತದಲ್ಲಿ ತಯಾರಾದ ಕಾರೊಂದಕ್ಕೆ ಅದೇ ಮೊದಲು. 2024ರಲ್ಲಿ ನಮ್ಮದೇ ಭಾರತ್ ಎನ್‌ಕ್ಯಾಪ್‌ನಲ್ಲೂ ಐದು. ಹಳೆಯ ವಿಟಾರಾ ಬ್ರೆಝಾಕ್ಕೆ 2018ರಲ್ಲಿ ನಾಲ್ಕು ಬಂದಿತ್ತು. ಆದರೆ ಈಗ ಮಾರುವುದು 2022ರಲ್ಲಿ ಬಂದ ಹೊಸ ಬ್ರೆಝಾ. ಅಣ್ಣನ ಮಾರ್ಕ್ಸ್ ಕಾರ್ಡಿನಿಂದ ತಮ್ಮನನ್ನು ಅಳೆಯಲು ಬರುವುದಿಲ್ಲ. ಈಗ ಎರಡರಲ್ಲೂ ಆರು ಏರ್‌ಬ್ಯಾಗ್ ಇವೆ. ಆದರೂ ಹೊಸ ಅಂಕ ಕೈಯಲ್ಲಿರುವುದು ನೆಕ್ಸಾನ್‌ನದ್ದೇ. ಡಿಕ್ಕಿಯೂ ಅದರದ್ದೇ ದೊಡ್ಡದು, 382 ಲೀಟರ್, ಬ್ರೆಝಾದ್ದು 328. ನನ್ನ ಪಟ್ಟಿಯಲ್ಲಿ ನೆಕ್ಸಾನ್ ಮುಂದಿತ್ತು.

ಅಪ್ಪ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ‘ಚೊಲೋ ಇದ್ದು. ಆದ್ರೆ ಇದ್ರಲ್ಲಿ ಗಾಡಿ ಹೊಡೆಯದು ಯಾರು ಹೇಳದೇ ಇಲ್ಲೆ’ ಎಂದ.

ಎರಡೂ ಷೋರೂಮಿನವರನ್ನು ಟೆಸ್ಟ್ ಡ್ರೈವ್‌ಗೆ ಮನೆಗೇ ಕರೆಸಿದೆವು. ಅಜ್ಜ ಎರಡರಲ್ಲೂ ಹತ್ತಿ ಇಳಿದ. ‘ಹತ್ತಲೆ ಏಣಿ ಬೇಕನೇ ಕೂಸೆ?’ ಎಂದು ನಗಾಡಿದವನು, ಸೀಟು ಸೊಂಟದ ಮಟ್ಟಕ್ಕಿದ್ದುದರಿಂದ ಬಗ್ಗದೆ ಕೂತು ಬಿಟ್ಟ. ಅಜ್ಜನ ಮಟ್ಟಿಗೆ ಎರಡೂ ಪಾಸು. ಇನ್ನು ಆಯಿಯ ಸರದಿ. ನಾನು ಅವಳಿಗೆ ಒಂದೇ ಕೆಲಸ ಹೇಳಿದೆ: ಏರಿನ ನಡುವೆ ತಿರುವಿನಲ್ಲಿ ನಿಲ್ಲಿಸಿ ಮತ್ತೆ ಹೊರಡಬೇಕು.

ನೆಕ್ಸಾನ್‌ನದ್ದು ಟರ್ಬೊ ಎಂಜಿನ್. 170 ಎನ್‌ಎಂ ಟಾರ್ಕ್ ಪೂರ್ತಿ ಸಿಗುವುದು 1750 ಆರ್‌ಪಿಎಂ ನಂತರ. ಆ ಹಂತ ಮುಟ್ಟಿದರೆ ಗಾಡಿ ಹಾರುತ್ತದೆ, ಕೆಳಗಿದ್ದರೆ ಸ್ವಲ್ಪ ಕಾಯಬೇಕು. ಹೆದ್ದಾರಿಯಲ್ಲಿ ಓಡಿಸಿ ಪಳಗಿದವರಿಗೆ ಅದೇ ಸುಖ. ಬ್ರೆಝಾದಲ್ಲಿ ಟರ್ಬೊ ಇಲ್ಲ. ಟಾರ್ಕ್ ಕಡಿಮೆ, 136.8 ಎನ್‌ಎಂ. ಆದರೆ ಕಾಲು ಒತ್ತಿದಷ್ಟಕ್ಕೆ ತಕ್ಕಂತೆ ಬಲ ಬರುತ್ತದೆ, ದಿಢೀರೆಂದು ಏನೂ ಆಗುವುದಿಲ್ಲ. ಆಯಿ ಎರಡನ್ನೂ ಏರು ಹತ್ತಿಸಿದಳು. ಬ್ರೆಝಾದಿಂದ ಇಳಿದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ‘ಇದು ಯನ್ನ ಮಾತು ಕೇಳ್ತು’ ಎಂದಳು.

ನಾವು ಬ್ರೆಝಾ ಬುಕ್ ಮಾಡಿದ್ದೇವೆ. ಏನು ಬಿಟ್ಟೆವು ಎಂಬುದೂ ಗೊತ್ತಿದೆ: ಹೊಸ ಪರೀಕ್ಷೆಯ ಐದು ನಕ್ಷತ್ರ, 54 ಲೀಟರ್ ಜಾಗ, ತೆರಿಗೆಗೆ ಹೋದ ಒಂದಿಷ್ಟು ದುಡ್ಡು. ನಕ್ಷತ್ರ ಬಿಟ್ಟದ್ದು ನನ್ನನ್ನು ಎರಡು ರಾತ್ರಿ ಕಾಡಿತು. ಡಿಕ್ಕಿಯಾದ ಮೇಲೆ ಕಾಪಾಡುವುದು ಕಾರಿನ ಕಟ್ಟುಮಸ್ತು. ಡಿಕ್ಕಿಯಾಗದಂತೆ ನೋಡಿಕೊಳ್ಳುವುದು ಸ್ಟೇರಿಂಗ್ ಹಿಡಿದವಳ ಧೈರ್ಯ. ನಮ್ಮ ಮನೆಯಲ್ಲಿ ಮಧ್ಯರಾತ್ರಿ ಮಳೆಯಲ್ಲಿ ಗಾಡಿ ತೆಗೆಯಬೇಕಾದವಳು ಆಯಿ ಒಬ್ಬಳೇ. ಪಳಗಿದ ಚಾಲಕರಿರುವ, ಹೆದ್ದಾರಿಯಲ್ಲೇ ಹೆಚ್ಚು ಓಡಾಡುವ ಮನೆಯವರು ಇದೇ ಪಟ್ಟಿ ಹಿಡಿದು ನೆಕ್ಸಾನ್ ಕೊಂಡರೆ ನಾನು ಸೈ ಎನ್ನುತ್ತೇನೆ.

ನೀವೂ ಈ ಗೊಂದಲದಲ್ಲಿದ್ದರೆ ಕಾರನ್ನು ನಿಮ್ಮ ಮನೆಯ ದಾರಿಗೆ ಕರೆಸಿ. ಅದನ್ನು ಹೆಚ್ಚು ಓಡಿಸುವವರ ಕೈಗೆ, ಓಡಿಸಲು ಹೆದರುವವರ ಕೈಗೂ, ಕೀಲಿ ಕೊಡಿ. ಮನೆಯ ಹಿರಿಯರನ್ನು ಹತ್ತಿಸಿ ಇಳಿಸಿ. ಅಡಕೆ ಕೊಯ್ಲಿಗೆ ಮೊದಲು ನಮ್ಮ ಕಾರು ಬರುತ್ತದೆ ಎಂದಿದ್ದಾರೆ. ಅಲ್ಲಿಯವರೆಗೆ ಆಯಿ ದಿನಾ ಸಂಜೆ ಓಮ್ನಿ ತೆಗೆದುಕೊಂಡು ಆ ಏರಿನಲ್ಲಿ ಅಭ್ಯಾಸ ನಡೆಸಿದ್ದಾಳೆ, ಕತ್ತಲಾದ ಮೇಲೆ, ಲೈಟ್ ಹಾಕಿಕೊಂಡು.